ಕಡಲಕರೆಯ ಪ್ರಶ್ನೆಗಳೂ ಉಮೇದುವಾರರ ಉತ್ತರಗಳೂ

ಕರಾವಳಿಯ ಗ್ರಾಮ ಪಂಚಾಯಿತಿಗಳಿಗೆ 2020ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಎರಡು ಹಂತಗಳಾಗಿ ನಡೆದ ಚುನಾವಣೆಯಲ್ಲಿ ಆರಿಸಿ ಬಂದವರಿಗೆ ಮತದಾರರು ಒಪ್ಪಿಸಿದುದು ಐದು ವರ್ಷಗಳ ಅಧಿಕಾರವನ್ನು. ಮುಂದಿನ ಚುನಾವಣೆಯು ಎಂದು ನಡೆದರೂ ಉಳ್ಳಾಲದಿಂದ ಕಾರವಾರದವರೆಗಿನ ಮನೆ ಮನೆಯ ಅಂಗಳಕ್ಕೂ ಉಮೇದುವಾರರು ಮತ್ತೆ ಬಂದು ನಿಲ್ಲುವರು, ಕೈ ಮುಗಿಯುವರು, ದಾರಿ, ದೀಪ, ನಲ್ಲಿ ಎಂಬ ಮೂರು ಮಾತುಗಳನ್ನು ಆಡುವರು. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಈ ಮೂರು ಮಾತುಗಳು ಘಟ್ಟದ ಮೇಲಿನ ಊರಿಗೂ ಅಷ್ಟೇ ಸಲ್ಲುತ್ತವೆ. ಮುನ್ನೂರು ಕಿಲೋಮೀಟರಿಗೂ ಮೀರಿದ ಕಡಲಂಚಿನಲ್ಲಿ ಬಾಳುವ ಜನರ ಪ್ರತಿನಿಧಿಯಾಗಲು ಬಯಸುವವನು ಕಡಲಿನ ಕುರಿತು ತನ್ನ ಅಭಿಪ್ರಾಯವೇನೆಂಬುದನ್ನು ಹೇಳದೆಯೇ ಮತವನ್ನು ಪಡೆದುಹೋಗುತ್ತಿರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಇಂದು ಈ ವಿಷಯವನ್ನು ವಾಚಕರ ಮುಂದಿಡುವುದಕ್ಕೆ ಅದೇ ಕಾರಣ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಸಂಗತಿಯನ್ನಂತೂ ಹೇಳತಕ್ಕುದೇ ಇಲ್ಲ. 2021ರಲ್ಲಿ ಅವುಗಳ ಅವಧಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳೇ ಅವುಗಳ ಕಾರಭಾರವನ್ನು ಸಾಗಿಸಿದರು. ಹೀಗಾದುದರಿಂದ ಹಳ್ಳಿಯವನಿಗೂ ವಿಧಾನಸಭೆಗೂ ನಡುವೆ ಜನರು ಆರಿಸಿದ ಸಂಸ್ಥೆಯೆಂದು ಉಳಿದುದು ಗ್ರಾಮ ಪಂಚಾಯಿತಿಯೊಂದೇ. ಪಟ್ಟಣಗಳಲ್ಲಿ ಪುರಸಭೆ, ನಗರಸಭೆಗಳುಂಟು. ಈ ಕೆಳಗಿನ ಮೆಟ್ಟಿಲಿನ ಮೇಲೆ ನಿಂತವನು ಏನು ಮಾಡಬಲ್ಲನು, ಏನು ಮಾಡಲಾರನು ಎಂಬುದನ್ನು ಮೊದಲು ಅರಿಯಬೇಕು.

ಕಡಲಿನ ಮಾತೆತ್ತಿದೊಡನೆ ಉಮೇದುವಾರರಿಂದ ಸಾಮಾನ್ಯವಾಗಿ ಬರುವ ಉತ್ತರವು “ಅದು ನಮ್ಮ ಕೈಯಲ್ಲಿಲ್ಲ” ಎಂಬುದು. ಅರ್ಧ ಸತ್ಯವಾದುದರಿಂದಲೇ ಈ ಉತ್ತರಕ್ಕೆ ಆಯುಷ್ಯ ಹೆಚ್ಚು. ಬಂದರುಗಳು ರಾಜ್ಯ, ಕೇಂದ್ರ ಸರಕಾರಗಳವು. ದಡದ ಕಾನೂನು ದೆಹಲಿಯದು. ತಡೆಗೋಡೆಯ ಹಣ ಬೆಂಗಳೂರಿನದು. ನಿಜವೇ. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಎಣಿಸಿದೆ. ಅವುಗಳಲ್ಲಿ ಐದನೆಯದು ಮೀನುಗಾರಿಕೆ. ಅನುಸೂಚಿಯಲ್ಲಿ ಬರೆದುದೆಲ್ಲ ಪಂಚಾಯಿತಿಯ ಕೈಗೆ ಬಂದಿಲ್ಲವೆಂಬುದನ್ನು ನಾವು ಬಲ್ಲೆವು. ಬಾರದಿರುವುದಕ್ಕೆ ಕೇಳುವವರಿಲ್ಲದಿರುವುದೂ ಒಂದು ಕಾರಣವಲ್ಲವೇ? ಲಾರ್ಡ್ ರಿಪ್ಪನ್ನರ 1882ರ ನಿರ್ಣಯದ ತರುವಾಯ ಹುಟ್ಟಿದ ಲೋಕಲ್ ಬೋರ್ಡುಗಳ ಕಾಲದಲ್ಲಿ ನಮ್ಮ ಕರಾವಳಿಯು ಮದರಾಸು, ಮುಂಬಯಿ ಎಂಬ ಎರಡು ಇಲಾಖೆಗಳಲ್ಲಿ ಹಂಚಿಹೋಗಿತ್ತು. ಅಂದಿನ ಸದಸ್ಯನು ಕಲೆಕ್ಟರನ ಮುಖವನ್ನು ನೋಡುತ್ತ ಕುಳಿತಿದ್ದರೆ ಅದಕ್ಕೆ ಅರ್ಥವಿತ್ತು. ಇಂದಿನ ಸದಸ್ಯನೂ ಹಾಗೆಯೇ ಕುಳಿತಿರುವುದಕ್ಕೆ ಅರ್ಥವಿಲ್ಲ.

ಮೊದಲನೆಯ ಮಾತು ಕಡಲ್ಕೊರೆತದ್ದು. ಉಳ್ಳಾಲ, ಸೋಮೇಶ್ವರ, ಬಟ್ಟಪ್ಪಾಡಿ, ಪಡುಬಿದ್ರಿ, ಮರವಂತೆ, ಹಾರವಾಡ ಈ ಹೆಸರುಗಳು ಮಳೆಗಾಲದ ಪತ್ರಿಕೆಗಳನ್ನು ಓದುವವರಿಗೆಲ್ಲ ಪರಿಚಿತವಾದುವು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಬಂದಾಗ ಮಳೆಗಾಲವು ಆರಂಭವಾಗುವ ಮುನ್ನವೇ ದಡದ ಮನೆಗಳು ಬಿದ್ದುವು, ತೆಂಗಿನ ಮರಗಳು ಬೇರುಸಹಿತ ನೀರು ಪಾಲಾದುವು. ತೊಂಬತ್ತರ ದಶಕದಿಂದೀಚಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ಕೇಂದ್ರ ಸರಕಾರದ ಕರಾವಳಿ ಸಂಶೋಧನ ಸಂಸ್ಥೆಯವರು ಕರ್ನಾಟಕದ ಕಡಲಂಚಿನಲ್ಲಿ ಐದರಲ್ಲೊಂದು ಪಾಲಿಗೂ ಮಿಕ್ಕು ಕೊರೆತಕ್ಕೆ ಸಿಕ್ಕಿದೆಯೆಂದು ಕಂಡಿದ್ದಾರೆ. ಅದೇ ಪರಿಶೀಲನೆಯು ಬೇರೆಡೆಗಳಲ್ಲಿ ಮರಳು ಬಂದು ಸೇರುತ್ತಿರುವುದನ್ನೂ ತೋರಿಸಿದೆ; ಆದರೆ ಈ ಎರಡನೆಯ ಮಾತನ್ನು ಎತ್ತುವವರು ವಿರಳ.

ಕೊರೆತಕ್ಕೆ ಉಮೇದುವಾರರೆಲ್ಲರ ಬಳಿಯೂ ಇರುವ ಮದ್ದು ಒಂದೇ: ಕಲ್ಲು. “ನಮ್ಮನ್ನು ಗೆಲ್ಲಿಸಿರಿ, ನಿಮ್ಮ ಮನೆಯ ಮುಂದೆ ತಡೆಗೋಡೆ ಕಟ್ಟಿಸುವೆವು” ಎಂಬ ವಾಗ್ದಾನವನ್ನು ಕೇಳದ ಕಡಲಕರೆಯ ವಾರ್ಡು ಇಲ್ಲವೆನ್ನಬಹುದು. ಇದನ್ನು ನಾವು ಹಾಸ್ಯ ಮಾಡುವುದಿಲ್ಲ. ಅಲೆಯು ಹಿತ್ತಿಲ ಬಾಗಿಲನ್ನು ತಟ್ಟುವ ರಾತ್ರಿಯಲ್ಲಿ ಮಕ್ಕಳನ್ನೆತ್ತಿಕೊಂಡು ಹೊರಗೋಡಿದ ತಾಯಿಗೆ ಕಲ್ಲಿನ ರಾಶಿಯೇ ದೇವರು. ಆದರೆ ಆ ದೇವರ ಮಹಿಮೆಯು ಎಲ್ಲಿಯವರೆಗೆ ಎಂಬುದನ್ನು ವಿಚಾರಿಸಬೇಡವೆ?

ಕಡಲಕರೆಯ ಮರಳು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಹೊಳೆಗಳು ಅದನ್ನು ಘಟ್ಟದಿಂದ ತರುತ್ತವೆ. ಓರೆಯಾಗಿ ಬಂದು ಬಡಿಯುವ ಅಲೆಗಳು ಅದನ್ನು ದಡದುದ್ದಕ್ಕೂ ಸಾಗಿಸುತ್ತವೆ. ಮಳೆಗಾಲದಲ್ಲಿ ಒಯ್ದುದನ್ನು ಬೇಸಗೆಯಲ್ಲಿ ಬಹುಮಟ್ಟಿಗೆ ಹಿಂದಕ್ಕೆ ಕೊಡುತ್ತವೆ. ಈ ಸಾಗಾಟದ ನಡುವೆ ಅಳಿವೆಯ ಬಾಯಿಗೆ ಉದ್ದನೆಯ ಕಲ್ಲಿನ ದಿಣ್ಣೆಯನ್ನು ಚಾಚಿದರೆ ಒಂದು ಮಗ್ಗುಲಿನಲ್ಲಿ ಮರಳು ಗುಡ್ಡೆಯಾಗುವುದು, ಇನ್ನೊಂದು ಮಗ್ಗುಲು ಬರಿದಾಗುವುದು. ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಗೆ ದಿಣ್ಣೆಗಳು ಬಂದ ಮೇಲೆಯೇ ತಮ್ಮ ಕಷ್ಟವು ಹೆಚ್ಚಿತೆಂದು ಉಳ್ಳಾಲದ ಕಡೆಯವರು ಹೇಳುತ್ತ ಬಂದಿರುವುದು ಸುಮ್ಮನೆಯಲ್ಲ. ಇನ್ನು ದಡಕ್ಕೆ ಸಮನಾಗಿ ಗೋಡೆ ಕಟ್ಟಿದರೆ, ಅಲೆಯು ಗೋಡೆಗೆ ಬಡಿದು ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ. ಮೂರು ನಾಲ್ಕು ಮಳೆಗಾಲಗಳಲ್ಲಿ ಕಲ್ಲುಗಳು ಕುಸಿಯುತ್ತವೆ. ಗೋಡೆ ಮುಗಿದ ಕಡೆಯಿಂದ ಕೊರೆತವು ಮುಂದಿನ ಊರಿಗೆ ಹೊರಡುತ್ತದೆ. ಆಗ ಮುಂದಿನ ಊರಿನ ಉಮೇದುವಾರನೂ ಕಲ್ಲನ್ನೇ ವಾಗ್ದಾನ ಮಾಡುತ್ತಾನೆ. ಕಡಲಿಗೆ ಹಾಕಿದ ಕಲ್ಲನ್ನು ಎಣಿಸಿದವರಿಲ್ಲವಾದುದರಿಂದ ಈ ವಾಗ್ದಾನವು ಗುತ್ತಿಗೆದಾರರಿಗೂ ಪ್ರಿಯವಾಗಿದೆಯೆಂದು ಜನರು ಆಡಿಕೊಳ್ಳುವುದುಂಟು.

ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಉಳ್ಳಾಲದಲ್ಲಿ ನಡೆದ ಕೆಲಸವು ಇದಕ್ಕಿಂತ ಬೇರೆಯಾದ ಮಾರ್ಗವನ್ನು ಹಿಡಿದಿತ್ತು. ಅಲೆಯ ರಭಸವನ್ನು ದಡಕ್ಕೆ ಬರುವ ಮುನ್ನವೇ ಮುರಿಯಲೆಂದು ಕಡಲೊಳಗೆ ಮುಳುಗಿದ ದಿಬ್ಬಗಳನ್ನು ನಿರ್ಮಿಸಿದರು. ಆ ಕೆಲಸದ ಫಲವು ಎಷ್ಟು, ವ್ಯಯವು ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಊರಿನ ಮುಂದೆಯೇ ಇಷ್ಟು ದೊಡ್ಡ ಪ್ರಯೋಗವು ನಡೆದಿರುವಾಗ, ಅದರಿಂದ ಏನು ಕಲಿತಿರಿ ಎಂದು ಕೇಳಿದರೆ ಉತ್ತರ ಕೊಡಬಲ್ಲ ಉಮೇದುವಾರರು ಎಷ್ಟು ಜನ? ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ತನ್ನ ಊರಿನ ದಡವು ವರ್ಷ ವರ್ಷಕ್ಕೆ ಎಷ್ಟು ಹಿಂದಕ್ಕೆ ಸರಿಯಿತೆಂಬುದನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡಿಸುವೆನೆಂದು ಹೇಳುವ ಒಬ್ಬನಿದ್ದರೆ ಸಾಕು. ಅದಕ್ಕೆ ಕೋಟಿ ರೂಪಾಯಿಗಳು ಬೇಕಿಲ್ಲ. ನಾಲ್ಕು ಗುರುತಿನ ಕಲ್ಲುಗಳು, ಒಂದು ಅಳತೆಯ ಹಗ್ಗ, ಒಬ್ಬ ಶಾಲಾಮಾಸ್ತರರು ಇದ್ದರಾಯಿತು.

ಎರಡನೆಯದು ಬಂದರುಗಳ ಪ್ರಶ್ನೆ. ಉಮೇದುವಾರರ ನಾಲಗೆಯು ಕಡಲಕರೆಯಲ್ಲಿ ಒಂದು ಬಗೆಯಾಗಿಯೂ ಪೇಟೆಯಲ್ಲಿ ಇನ್ನೊಂದು ಬಗೆಯಾಗಿಯೂ ಆಡುವುದು ಈ ಪ್ರಶ್ನೆಯಲ್ಲಿ. ಮೀನುಗಾರರ ಕೇರಿಯಲ್ಲಿ “ಪ್ರಾಣ ಕೊಟ್ಟೇವು, ದಡ ಕೊಡೆವು” ಎಂದವರು ವರ್ತಕರ ಸಭೆಯಲ್ಲಿ “ಅಭಿವೃದ್ಧಿಗೆ ಅಡ್ಡಿ ಬರಲಾರೆವು” ಎನ್ನುವರು. ಎರಡನ್ನೂ ಕೇಳಿಸಿಕೊಂಡವರು ನಗುವುದನ್ನು ಬಿಟ್ಟು ಮತ್ತೇನು ಮಾಡಬೇಕು?

ಬಂದರು ಎಂಬ ಮಾತಿಗೇ ನಾವು ವೈರಿಗಳಲ್ಲ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆನಿಸಿದ ಮೇಲೆ ಅದರಿಂದ ನಾಡಿಗಾದ ಲಾಭವನ್ನು ಅಲ್ಲಗಳೆಯುವುದು ಸುಳ್ಳಾದೀತು. ಆದರೆ ಆ ಬಂದರಿಗಾಗಿ ಮನೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತೆಂಬುದೂ ಅಷ್ಟೇ ನಿಜ. ಕಾರವಾರದ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು; 2005ರಲ್ಲಿ ಕದಂಬ ನೆಲೆಯು ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಹೆಸರಿನಲ್ಲಿ ನೆಲವನ್ನು ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳು ತಕ್ಕ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟುಗಳ ಮೆಟ್ಟಿಲನ್ನು ಹತ್ತಬೇಕಾಯಿತು. ಇಷ್ಟನ್ನು ಕಂಡ ಜನರು 2020ರ ಜನವರಿಯಲ್ಲಿ ಕಾರವಾರದ ಠಾಗೋರ್ ಕಡಲತೀರದ ಬಳಿ ವಾಣಿಜ್ಯ ಬಂದರಿನ ವಿಸ್ತರಣೆಯ ಕೆಲಸವು ಪೊಲೀಸರ ಕಾವಲಿನಲ್ಲಿ ಆರಂಭವಾದಾಗ ನೀರಿಗಿಳಿದು ಪ್ರತಿಭಟಿಸಿದುದರಲ್ಲಿ ಆಶ್ಚರ್ಯವೇನಿದೆ? ಊರೇ ಅಂಗಡಿ ಮುಚ್ಚಿತು. ತರುವಾಯ ಉಚ್ಚ ನ್ಯಾಯಾಲಯದ ತಡೆಯಾಜ್ಞೆಯೂ ಬಂದಿತು.

ಹೊನ್ನಾವರ ತಾಲ್ಲೂಕಿನ ಕಾಸರಕೋಡನ್ನು ನೋಡಿರಿ. 2020ರ ಅಕ್ಟೋಬರಿನಲ್ಲಿ ಕಾಸರಕೋಡಿನ ಕಡಲತೀರಕ್ಕೂ ಪಡುಬಿದ್ರಿಯದಕ್ಕೂ ಸ್ವಚ್ಛತೆಗಾಗಿ ಡೆನ್ಮಾರ್ಕಿನ ಸಂಸ್ಥೆಯೊಂದು ನೀಡುವ ನೀಲಿ ಬಾವುಟವು ದೊರೆಯಿತು, ಸರಕಾರವು ಹಿಗ್ಗಿತು, ಛಾಯಾಚಿತ್ರಗಳು ಅಚ್ಚಾದುವು. ಅದೇ ಕಾಸರಕೋಡಿನ ಟೊಂಕದಲ್ಲಿ, ಶರಾವತಿಯ ಅಳಿವೆಯ ಮಗ್ಗುಲಿನಲ್ಲಿ, ಖಾಸಗಿ ಕಂಪನಿಯೊಂದಕ್ಕೆ 2010ರಲ್ಲಿ ಗುತ್ತಿಗೆ ಕೊಟ್ಟ ಬಂದರಿನ ಕುರಿತು ಮೀನುಗಾರರು ಲಾಠಿಯ ಎದುರಿಗೆ ನಿಲ್ಲಬೇಕಾಯಿತು. ಆ ಮರಳು ಅವರಿಗೆ ಒಣಮೀನನ್ನು ಹರಡುವ ಕಣ. ಕಡಲಾಮೆಗಳಿಗೆ ಮೊಟ್ಟೆಯಿಡುವ ನೆಲೆ. ಪ್ರವಾಸಿಗರಿಗಾಗಿ ಒಂದು ತುದಿಯಲ್ಲಿ ಬಾವುಟವನ್ನು ಹಾರಿಸಿ, ಸಾಮಾನು ಲಾರಿಗಳಿಗಾಗಿ ಇನ್ನೊಂದು ತುದಿಯಲ್ಲಿ ರಸ್ತೆಯನ್ನು ಹಾಸುವ ಈ ನೀತಿಯನ್ನು ಒಂದೇ ಪಂಚಾಯಿತಿಯ ಉಮೇದುವಾರರು ಹೇಗೆ ಸಮರ್ಥಿಸುವರು, ಅಥವಾ ಹೇಗೆ ವಿರೋಧಿಸುವರು, ಎಂಬುದನ್ನು ಮತದಾರರು ಕೇಳಿ ತಿಳಿಯತಕ್ಕುದು.

ಅಂಕೋಲೆಯ ಕೇಣಿಯಲ್ಲಿಯೂ ನಾಲ್ಕು ಸಾವಿರ ಕೋಟಿ ರೂಪಾಯಿಗಳಿಗೆ ಮೀರಿದ ಬಂದರಿನ ಯೋಜನೆಯೊಂದು ಬಂದಿತು. 2025ರ ಆಗಸ್ಟಿನಲ್ಲಿ ಅಂಕೋಲೆಯಲ್ಲಿ ನಡೆದ ಅಹವಾಲು ಸಭೆಗೆ ಜನರು ಸಾವಿರಗಟ್ಟಲೆಯಾಗಿ ಬಂದು ವಿರೋಧವನ್ನು ಸೂಚಿಸಿದರು. 1930ರ ಏಪ್ರಿಲಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಊರು ಅಂಕೋಲೆ. ಅಲ್ಲಿಯ ಜನರಿಗೆ ಸಭೆ ಸೇರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಹವಾಲು ಸಭೆಯೆಂದರೆ ಕೂಗಿ ಬರುವ ಸ್ಥಳ ಮಾತ್ರವಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ಸಭೆಗೆ ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು; ಯೋಜನೆಯ ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ಇರಬೇಕು; ವರದಿಯು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಜನರ ಕಣ್ಣಿಗೆ ದೊರೆಯಬೇಕು; ಸಭೆಯ ಕೊನೆಯಲ್ಲಿ ನಡಾವಳಿಯ ಸಾರವನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಇಷ್ಟು ಮಂದಿ ಇದ್ದರೆ ಮಾತ್ರ ಸಭೆ ಎಂಬ ನಿಯಮವಿಲ್ಲದುದರಿಂದ, ಜನರು ಬಾರದಿದ್ದರೂ ಸಭೆ ನಡೆದಂತೆಯೇ ಲೆಕ್ಕ.

ಇಲ್ಲಿ ಪಂಚಾಯಿತಿಯ ಸದಸ್ಯನಿಗೆ ಕೆಲಸವುಂಟು. ಆ ಮೂವತ್ತು ದಿನಗಳಲ್ಲಿ ವರದಿಯನ್ನು ಕಪಾಟಿನಿಂದ ಹೊರಗೆ ತೆಗೆದು ಗ್ರಾಮಸಭೆಯಲ್ಲಿ ಓದಿಸುವುದು. ಎಷ್ಟು ದೋಣಿಗಳು ಅಲ್ಲಿ ದಡ ಹತ್ತುತ್ತವೆ, ಎಷ್ಟು ಮನೆಗಳು ಆ ಮರಳಿನ ಮೇಲೆ ನಿಂತಿವೆ ಎಂಬ ಲೆಕ್ಕವನ್ನು ಪಂಚಾಯಿತಿಯ ಮುದ್ರೆಯೊತ್ತಿ ಒಪ್ಪಿಸುವುದು. ಗ್ರಾಮಸಭೆಯ ಠರಾವನ್ನು ನಡಾವಳಿಗೆ ಸೇರಿಸುವುದು. ಠರಾವಿನಿಂದಲೇ ಬಂದರು ನಿಂತುಬಿಡುವುದೆಂದು ನಾವು ನಂಬುವಷ್ಟು ಮುಗ್ಧರಲ್ಲ. ಆದರೆ ನಾಳೆ ನ್ಯಾಯಾಧೀಶರ ಮುಂದೆ ಕಾಗದವನ್ನು ಇಡಬೇಕಾದಾಗ, ಬೀದಿಯಲ್ಲಿ ಹಾಕಿದ ಘೋಷಣೆಗಿಂತ ಠರಾವಿನ ಒಂದು ಪ್ರತಿಯು ಹೆಚ್ಚು ತೂಗುತ್ತದೆ. ಬಂದರನ್ನು ಮನಃಪೂರ್ವಕವಾಗಿ ಬೇಕೆನ್ನುವ ಉಮೇದುವಾರನೂ ಇರಬಹುದು; ಮಕ್ಕಳು ಮುಂಬಯಿಗೆ, ಅರಬ ನಾಡುಗಳಿಗೆ ಹೋಗುವುದು ತಪ್ಪಿ ಊರಿನಲ್ಲಿಯೇ ಕೆಲಸ ದೊರೆಯಲೆಂಬ ಅವನ ಆಸೆಯು ತುಚ್ಛವಾದುದಲ್ಲ. ಅವನು ಅದನ್ನು ಮೀನುಗಾರರ ಕೇರಿಯಲ್ಲಿಯೇ ನಿಂತು ಹೇಳಲಿ. ಎಷ್ಟು ಕೆಲಸ, ಯಾವ ಕೆಲಸ, ಯಾರಿಗೆ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ತಂದು ತೋರಿಸಲಿ.

ಮನೆಯ ಮಾತಿಗೆ ಬರೋಣ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು 1991ರಲ್ಲಿ ಹುಟ್ಟಿ, 2011ರಲ್ಲಿ ಬದಲಾಗಿ, 2019ರ ಜನವರಿಯಲ್ಲಿ ಮತ್ತೆ ಬದಲಾಯಿತು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮಪ್ರದೇಶದಲ್ಲಿ ಕಟ್ಟಡ ಕಟ್ಟಕೂಡದ ಅಂತರವು ಭರತದ ಗೆರೆಯಿಂದ 50 ಮೀಟರಿಗೆ ಇಳಿಯಿತು. ಉಳಿದೆಡೆ 200 ಮೀಟರೇ ಉಳಿಯಿತು. ಇದನ್ನು ಬಲ್ಲವರು ರೆಸಾರ್ಟಿನ ಮಾಲಿಕರು, ಜಮೀನಿನ ದಲ್ಲಾಳಿಗಳು. ಮೊಗವೀರ, ಖಾರ್ವಿ, ಹರಿಕಾಂತ, ಬ್ಯಾರಿ ಕುಟುಂಬಗಳಿಗೆ ತಮ್ಮ ಮನೆಯು ಗೆರೆಯ ಒಳಗೋ ಹೊರಗೋ ಎಂಬುದೇ ತಿಳಿಯದು. ತಲೆಮಾರುಗಳಿಂದ ವಾಸವಾಗಿದ್ದರೂ ಹಕ್ಕುಪತ್ರವಿಲ್ಲದುದರಿಂದ, ಮನೆ ಬಿದ್ದಾಗ ಪರಿಹಾರವೂ ಬ್ಯಾಂಕಿನ ಸಾಲವೂ ದುರ್ಲಭ. 300 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಯಾದರೆ, ನಿಯಮಗಳನ್ನು ನೋಡಿಕೊಂಡು ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದೆಂದು 2019ರ ಅಧಿಸೂಚನೆಯಲ್ಲಿದೆ. ಇದನ್ನು ಓದಿರುವ ಉಮೇದುವಾರನನ್ನು ಹುಡುಕುವುದು ಮತದಾರರಿಗೆ ಬಿಟ್ಟುದು.

ಮೀನುಗಾರಿಕೆಯೊಳಗಿನ ಜಗಳಗಳಲ್ಲಿ ಉಮೇದುವಾರರು ಬಾಯಿ ಬಿಡದಿರುವುದಕ್ಕೆ ಕಾರಣವು ಸ್ಪಷ್ಟ. ನಾಡದೋಣಿಯವರಿಗೂ ಮತವುಂಟು, ಟ್ರಾಲ್ ಬೋಟಿನವರಿಗೂ ಮತವುಂಟು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬಲೆಯು ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿಯನ್ನು ಮೂಲೆಗೆ ತಳ್ಳಿತು. ಈಗ ರಾತ್ರಿಯಲ್ಲಿ ಪ್ರಖರವಾದ ದೀಪಗಳನ್ನುರಿಸಿ ಮರಿಮೀನಿನ ಸಹಿತ ಗೋರಿಕೊಳ್ಳುವ ಪದ್ಧತಿಯು ಬಂದಿದೆ. ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿಯೇ ಅದನ್ನು ನಿಷೇಧಿಸಿದರೂ ದೂರುಗಳು ನಿಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವನ್ನು ಪಾಲಿಸಿ ದಡದಲ್ಲಿ ಕುಳಿತವನು, ಮೀನಿನ ಮರಿಯನ್ನೇ ಬರಿದು ಮಾಡಿದವನನ್ನು ಆಗಸ್ಟಿನಲ್ಲಿ ಕಂಡರೆ ಅವನ ಮನಸ್ಸಿನಲ್ಲಿ ಏನಾಗಬೇಡ? ಬೂತಾಯಿ, ಬಂಗುಡೆಗಳು ಬಾರದ ವರ್ಷ ಸಾಲ ತೀರಿಸುವವರು ಯಾರು? ಪಂಚಾಯಿತಿಗೆ ಕಡಲಿನಲ್ಲಿ ಪೊಲೀಸರಿಲ್ಲ. ಆದರೆ ಉಭಯ ಪಕ್ಷದವರನ್ನು ಒಂದೇ ಚಾವಡಿಗೆ ಕರೆದು ಕೂರಿಸುವ ಸ್ಥಾನವು ಅದಕ್ಕಿದೆ. ಅಲ್ಲಿ ಕುಳಿತವನು ಯಾರ ಬೋಟಿನಲ್ಲಿ ಪಾಲುದಾರನೆಂಬುದನ್ನು ಮೊದಲೇ ತಿಳಿಸಬೇಕಷ್ಟೆ.

ಪ್ರಾಣದ ಪ್ರಶ್ನೆಯೂ ಉಂಟು. ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 2018ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಕರೆಯಾಚೆ ನೌಕಾದಳಕ್ಕೆ ಸಿಕ್ಕಿದುದು 2019ರ ಮೇ ತಿಂಗಳಿನಲ್ಲಿ. ಆ ನಡುವಣ ತಿಂಗಳುಗಳಲ್ಲಿ ಬಂದುಹೋದ ಮುಖಂಡರ ಸಂಖ್ಯೆ ಬಹಳ. ಯಾವ ಬೋಟಿನಲ್ಲಿ ಯಾರು ಹೋದರು, ಜೀವರಕ್ಷಕ ಅಂಗಿಗಳಿವೆಯೆ, ವಿಮೆಯ ಕಂತು ಕಟ್ಟಿದೆಯೆ ಎಂಬುದನ್ನು ಪ್ರತಿ ಊರಿನಲ್ಲಿಯೂ ವರ್ಷಕ್ಕೊಮ್ಮೆ ಪರಿಶೀಲಿಸುವೆವೆಂದು ಹೇಳುವ ಉಮೇದುವಾರನು ದೊಡ್ಡ ಮಾತನ್ನೇನೂ ಆಡಿದಂತಾಗದು. ಆದರೂ ಆ ಮಾತು ಕೇಳಿಬರುವುದಿಲ್ಲ.

ಇನ್ನು ಮೀನು ಮಾರುವ ಹೆಂಗಸರು. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಆದರೆ ಕೆಲವೆಡೆ ಹೆಸರು ಹೆಂಡತಿಯದು, ಕುರ್ಚಿ ಗಂಡನದು ಎಂಬಂತಾಗಿರುವುದನ್ನು ಅಧಿಕಾರಿಗಳೂ ಬಲ್ಲರು. ಬೆಳಗಿನ ಜಾವ ದಕ್ಕೆಯ ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು, ಬಸ್ಸಿನಲ್ಲಿ ಕಂಡಕ್ಟರನ ಗೊಣಗಾಟವನ್ನು ಕೇಳಿ, ಪೇಟೆಯ ಬದಿಯಲ್ಲಿ ಬಿಸಿಲಿಗೆ ಕುಳಿತು ಮಾರುವವಳಿಗೆ ಬೇಕಾದುದು ಒಂದು ಮಾಡು, ಒಂದು ನೀರಿನ ತೊಟ್ಟಿ, ಒಂದು ಶೌಚಾಲಯ. ಇವು ದೆಹಲಿಯ ಕೈಯಲ್ಲಿಲ್ಲ, ಬೆಂಗಳೂರಿನ ಕೈಯಲ್ಲೂ ಇಲ್ಲ. ಪುರಸಭೆ, ಪಂಚಾಯಿತಿಗಳ ಕೈಯಲ್ಲಿಯೇ ಇವೆ. ಅಲ್ಲಿಯೂ “ನಮ್ಮ ಕೈಯಲ್ಲಿಲ್ಲ” ಎನ್ನುವವನಿಗೆ ಕೈಗಳೇಕೆ ಬೇಕೆಂದು ಆ ಹೆಂಗಸರೇ ಕೇಳಿಯಾರು. ಅವರ ನಾಲಗೆ ಹರಿತವಾದುದು.

ಕುಡಿಯುವ ನೀರಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕಾದರೆ, ಬೇಸಗೆ ಬಂದೊಡನೆ ಅಳಿವೆಯ ಬದಿಯ ಬಾವಿಗಳು ಉಪ್ಪಾಗುತ್ತವೆ. ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟಿದಲ್ಲಿ ಹಲಗೆಗಳನ್ನು ಸಕಾಲಕ್ಕೆ ಇಳಿಸದೆ, ಸಕಾಲಕ್ಕೆ ತೆಗೆಯದೆ ಹಾಳು ಮಾಡಿಕೊಂಡ ಊರುಗಳುಂಟು. ಕುಮಟೆಯ ಕಡೆ ಅಘನಾಶಿನಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಿದ್ದವರು ಕಟ್ಟೆಗಳನ್ನು ತಾವೇ ಸೇರಿ ಕಾಯುತ್ತಿದ್ದರು. ಕಟ್ಟೆಗಳು ಒಡೆದಂತೆ ಬೆಳೆಯೂ ಕುಗ್ಗಿತು. ಆ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆನಿಸಿತು. ಮಾನ್ಯತೆಯು ಒಳ್ಳೆಯದೇ. ಕೆಸರಿನಲ್ಲಿ ಮಂಡಿಯೂರಿ ಚಿಪ್ಪು ಹೆಕ್ಕುವವರ ಹೆಸರು ಆ ಊರುಗಳ ಪಂಚಾಯಿತಿಗಳ ಯಾವ ಪಟ್ಟಿಯಲ್ಲಿದೆಯೆಂಬುದನ್ನು ತಿಳಿಯಲು ನಮಗೆ ಕುತೂಹಲವಿದೆ.

ಮರಳಿನ ಕುರಿತು ಉಮೇದುವಾರರು ಮಾತನಾಡದಿರುವುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಈ ವಲಯದ ಹೊಳೆಗಳಲ್ಲಿ ದೋಣಿಗಳ ಓಡಾಟಕ್ಕೆ ಅಡ್ಡಿಯಾದ ದಿಬ್ಬಗಳನ್ನು ಮಾತ್ರ, ಅದೂ ಜಿಲ್ಲಾಧಿಕಾರಿಗಳ ಸಮಿತಿಯ ಅಪ್ಪಣೆಯಿಂದ, ತೆಗೆಯಬಹುದು. ಅಪ್ಪಣೆಯಿಲ್ಲದೆ ಇರುಳಿನಲ್ಲಿ ಓಡುವ ಲಾರಿಗಳು ಯಾರವೆಂಬುದನ್ನು ಊರಿನ ಮಕ್ಕಳೂ ಬಲ್ಲರು. ಮೇಲೆ ಹೊಳೆಯ ಮರಳನ್ನು ಮಾರಿ, ಕೆಳಗೆ ಕಡಲ್ಕೊರೆತಕ್ಕೆ ಕಲ್ಲು ಬೇಡುವವರ ಮಾತಿಗೆ ನಾವು ಹೆಚ್ಚು ಸ್ಥಳವನ್ನು ಕೊಡಲಾರೆವು.

ಗ್ರಾಮ ಪಂಚಾಯಿತಿಯ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲವೆಂದು ಕಾಯಿದೆ ಹೇಳುತ್ತದೆ. ಪಕ್ಷಗಳ ನೆರಳು ಮಾತ್ರ ಎಲ್ಲೆಡೆಯೂ ಬಿದ್ದಿದೆ. ಜೊತೆಗೆ ಜಾತಿಯ ಮಾತು, ಮತದ ಮಾತು. ಕೊನೆಯ ಎರಡು ದಿನಗಳಲ್ಲಿ ಇವುಗಳನ್ನೆಬ್ಬಿಸಿದರೆ ತಡೆಗೋಡೆ, ಬಂದರು, ಬಾವಿ, ಹಕ್ಕುಪತ್ರ ಎಲ್ಲವನ್ನೂ ಮತದಾರರು ಮರೆತುಬಿಡುವರೆಂಬ ನಂಬಿಕೆಯಲ್ಲಿ ಚುನಾವಣೆ ನಡೆಯಿಸುವವರು ನಮ್ಮ ಕರಾವಳಿಯಲ್ಲಿ ಕಡಮೆಯಾಗಿಲ್ಲ. ಉಳ್ಳಾಲದ ದಡದಲ್ಲಿ ಮೊಗವೀರನ ಮನೆಯನ್ನೂ ಬ್ಯಾರಿಯ ಮನೆಯನ್ನೂ ಒಂದೇ ಮಳೆಗಾಲದಲ್ಲಿ ಎಳೆದುಕೊಂಡ ಅಲೆಗೆ ಈ ಉಪಾಯವು ತಿಳಿಯದು.

ಮೇಲೆ ಹೇಳಿದ ವಿಷಯಗಳಲ್ಲಿ ಯಾವುದಾದರೊಂದನ್ನು ಹಿಡಿದು, ತಾನು ಆರಿಸಿ ಬಂದ ಮೊದಲನೆಯ ಗ್ರಾಮಸಭೆಯಲ್ಲಿ ಯಾವ ಠರಾವನ್ನು ಮಂಡಿಸುವೆನೆಂಬುದನ್ನು ಉಮೇದುವಾರರು ತಮ್ಮ ಸಹಿಯೊಡನೆ ಬರೆದು ಕಳುಹಿಸಿದರೆ, ಅವರು ಯಾವ ಪಂಗಡದವರೇ ಆಗಿರಲಿ, ಆ ಬರಹಕ್ಕೆ ಈ ಪತ್ರಿಕೆಯಲ್ಲಿ ಸ್ಥಳವನ್ನು ಕೊಡುವೆವು. ಬರಹವು ಒಂದು ಪುಟಕ್ಕೆ ಮೀರಬಾರದು. “ನಮ್ಮ ಕೈಯಲ್ಲಿಲ್ಲ” ಎಂಬ ಉತ್ತರಗಳನ್ನು ಅಚ್ಚು ಹಾಕುವುದಿಲ್ಲ.